ರಕ್ತರಸ: ಯಾರಿಗೆ, ಯಾವಾಗ?

ನಮ್ಮ ಪೈವಳಿಕೆಯ ಕಡೆಯಲ್ಲಿ ರೋಗಿಯ ಸ್ಥಿತಿ ಬಿಗಡಾಯಿಸಿತೆಂದರೆ ಉಪ್ಪಳ, ತಲಪಾಡಿಗಳನ್ನು ದಾಟಿ ಮಂಗಳೂರಿಗೆ ಕೊಂಡೊಯ್ಯುವುದು ಬಹುಕಾಲದ ರೂಢಿ. 2020ನೆಯ ಮಾರ್ಚಿಯಲ್ಲಿ ಗಡಿಯ ಮಾರ್ಗಗಳು ಮುಚ್ಚಲ್ಪಟ್ಟಾಗ ಈ ಅವಲಂಬನೆ ಎಷ್ಟೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಅಲ್ಲಿನ ತೀವ್ರ ನಿಗಾ ವಿಭಾಗಗಳ ಹೊರಗೆ ಕುಳಿತ ಬಂಧುಗಳ ಬಾಯಲ್ಲಿ ‘ಪ್ಲಾಸ್ಮಾ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೊಟ್ಟರೆ ರೋಗಿ ಉಳಿದಾನೆಂದೂ ಕೊಡದಿದ್ದರೆ ವೈದ್ಯರು ಉದಾಸೀನ ಮಾಡಿದರೆಂದೂ ಭಾವಿಸುವವರುಂಟು. ಆದುದರಿಂದ ಆ ವಸ್ತುವಿನ ಸ್ವರೂಪವನ್ನು ವಿದ್ಯಾರ್ಥಿಗಳೂ ಅವರ ಹೆತ್ತವರೂ ತಿಳಿದಿರುವುದು ಲೇಸು.

ಹೆಪ್ಪುಗಟ್ಟದಂತೆ ಕಾಪಾಡಿದ ರಕ್ತವನ್ನು ಗಾಜಿನ ನಳಿಗೆಯಲ್ಲಿ ಅಲುಗಾಡಿಸದೆ ಇಟ್ಟರೆ ಕೆಂಪು ಕಣಗಳು ತಳಕ್ಕಿಳಿದು, ಮೇಲೆ ತಿಳಿಹಳದಿ ದ್ರವವೊಂದು ನಿಲ್ಲುತ್ತದೆ. ರಕ್ತದ ಅರ್ಧಕ್ಕಿಂತ ತುಸು ಹೆಚ್ಚು ಭಾಗವಾದ ಈ ದ್ರವವೇ ಪ್ಲಾಸ್ಮಾ, ಅರ್ಥಾತ್ ರಕ್ತರಸ. ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಉಳಿದ ಅಲ್ಪಾಂಶದಲ್ಲಿ ಫೈಬ್ರಿನೋಜನ್ ಮೊದಲಾದ, ರಕ್ತವನ್ನು ಹೆಪ್ಪುಗಟ್ಟಿಸುವ ಸಸಾರಜನಕಗಳಿವೆ. ದಾನಿಯ ರಕ್ತದಿಂದ ಇದನ್ನು ಕೆಲವೇ ಗಂಟೆಗಳೊಳಗೆ ಬೇರ್ಪಡಿಸಿ ಕಡುಶೈತ್ಯದಲ್ಲಿ ಗಟ್ಟಿಗೊಳಿಸಿದರೆ ಒಂದು ವರ್ಷದವರೆಗೆ ಇಡಬಹುದು. ಬೇಕಾದಾಗ 37 ಡಿಗ್ರಿ ಶಾಖದಲ್ಲಿ ಕರಗಿಸುತ್ತಾರೆ.

ಇಲ್ಲೊಂದು ಸ್ವಾರಸ್ಯವಿದೆ. 1901ರಲ್ಲಿ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿ ರಕ್ತದ ಗುಂಪುಗಳನ್ನು ಪ್ರಕಟಪಡಿಸಿದನು. ತುರ್ತಿನಲ್ಲಿ ‘ಓ’ ಗುಂಪಿನ ಕೆಂಪು ಕಣಗಳು ಎಲ್ಲ ಗುಂಪಿನವರಿಗೂ ಒಗ್ಗುತ್ತವೆಂದು ಪಾಠದಲ್ಲಿ ಓದಿದ್ದೀರಿ. ರಕ್ತರಸದ ಲೆಕ್ಕ ಇದಕ್ಕೆ ತಲೆಕೆಳಗು. ಅನ್ಯ ಗುಂಪಿನ ಕಣಗಳನ್ನು ವಿರೋಧಿಸುವ ವಸ್ತುಗಳು ರಕ್ತರಸದಲ್ಲಿಯೇ ಇರುತ್ತವೆ. ‘ಎಬಿ’ ಗುಂಪಿನವರಲ್ಲಿ ಅವು ಇಲ್ಲದಿರುವುದರಿಂದ ಅವರ ರಕ್ತರಸ ಎಲ್ಲರಿಗೂ ಸಲ್ಲುತ್ತದೆ. ‘ಓ’ ಗುಂಪಿನವರದು ‘ಓ’ ಗುಂಪಿನವರಿಗಷ್ಟೇ.

ಅಪಘಾತದಲ್ಲೋ ಹೆರಿಗೆಯಲ್ಲೋ ರಕ್ತ ವಿಪರೀತ ಸೋರಿಹೋದಾಗ, ಯಕೃತ್ತು ಕೆಟ್ಟು ಹೆಪ್ಪುಗಟ್ಟುವ ಶಕ್ತಿ ಕುಂದಿದವನಿಗೆ ರಕ್ತಸ್ರಾವವಾದಾಗ, ಇದು ಪ್ರಾಣರಕ್ಷಕ. ಸಾಮಾನ್ಯವಾಗಿ ದೇಹತೂಕದ ಕಿಲೋ ಒಂದಕ್ಕೆ 10ರಿಂದ 15 ಮಿಲಿಲೀಟರಿನಂತೆ ಕೊಡುತ್ತಾರೆ. ಆದರೆ ರಕ್ತಸ್ರಾವವೇ ಇಲ್ಲದವನಿಗೆ, ಪರೀಕ್ಷೆಯ ಅಂಕೆ ತುಸು ಏರಿದೆಯೆಂಬ ಒಂದೇ ಕಾರಣಕ್ಕೆ ಕೊಟ್ಟರೆ ಫಲ ಅತ್ಯಲ್ಪ. ದಾನಿಯ ರಕ್ತರಸದ ಅಂಕೆಯೂ ಬಹುಮಟ್ಟಿಗೆ ಅಷ್ಟರಲ್ಲೇ ಇರುತ್ತದೆ. ಹುಳಿಮಜ್ಜಿಗೆಗೆ ಅಷ್ಟೇ ಹುಳಿಯ ಮಜ್ಜಿಗೆಯನ್ನು ಹೊಯ್ದರೆ ಹುಳಿ ತಗ್ಗೀತೇ? ನಿಶ್ಶಕ್ತಿಗೆ ಇದು ಟಾನಿಕ್ಕೂ ಅಲ್ಲ. ಅನವಶ್ಯಕವಾಗಿ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟಕ್ಕೇ ಸಂಚಕಾರ ಬರಬಹುದು. ವೈದ್ಯರು ‘ಬೇಡ’ ಎಂದಾಗ ಅವರೊಡನೆ ಜಗಳಕ್ಕೆ ನಿಲ್ಲುವವರು ಇದನ್ನು ಅರಿಯರು.

ಕೋವಿಡ್ ಹಬ್ಬಿದ ಕಾಲದಲ್ಲಿ, ಗುಣಮುಖರಾದವರ ರಕ್ತರಸಕ್ಕಾಗಿ ಜನ ಊರೂರು ಅಲೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿ, ಕೊಟ್ಟವರಿಗೂ ಕೊಡದವರಿಗೂ ರೋಗ ಉಲ್ಬಣಿಸುವುದರಲ್ಲಾಗಲಿ ಮರಣದಲ್ಲಾಗಲಿ ಗಣನೀಯ ವ್ಯತ್ಯಾಸವಿಲ್ಲವೆಂದು 2020ರಲ್ಲಿ ಪ್ರಕಟಿಸಿದರು. 2021ರ ಮೇ ತಿಂಗಳಲ್ಲಿ ಅದನ್ನು ಸರಕಾರದ ಚಿಕಿತ್ಸಾಕ್ರಮದಿಂದ ಕೈಬಿಡಲಾಯಿತು. ಆಸೆಗಿಂತ ಪರೀಕ್ಷೆಯನ್ನು ನಂಬಿದುದು ಸರಿಯಾಯಿತೆಂದೇ ನನ್ನ ಅಭಿಪ್ರಾಯ.

ಅಡಿಕೆ ತೋಟಗಳ ನಡುವೆ ಬಾಳುವ ನಮಗೆ ಇನ್ನೊಂದು ಸಂಗತಿ ಹೆಚ್ಚು ಸಮೀಪದ್ದು. ಕೊಳಕುಮಂಡಲದ ವಿಷ ಹೆಪ್ಪುಗಟ್ಟಿಸುವ ಸಸಾರಜನಕಗಳನ್ನೆಲ್ಲ ವ್ಯಯಮಾಡಿಬಿಡುತ್ತದೆ. ಹಾಗಾದರೆ ರಕ್ತರಸವನ್ನು ತುಂಬಿದರಾಯಿತೆಂದು ತೋರುವುದು ಸಹಜ. ಆದರೆ ವಿಷ ಒಳಗಿರುವ ತನಕ ಹೊಸದಾಗಿ ತುಂಬಿದುದೂ ಅದಕ್ಕೇ ಆಹುತಿ. ಮೊದಲು ಬೇಕಾದುದು ಪ್ರತಿವಿಷ. ಅದೂ ರಕ್ತರಸದಿಂದಲೇ ತಯಾರಾದುದು. ಮನುಷ್ಯರದಲ್ಲ, ವಿಷವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿ ಅಭ್ಯಾಸಮಾಡಿಸಿದ ಕುದುರೆಗಳದು. ಅದು ಬೇಕೋ ಬೇಡವೋ ಎಂದು ತಿಳಿಯಲು ವೈದ್ಯರು ಮಾಡುವ ಒಂದು ಪರೀಕ್ಷೆ ಬಲು ಸರಳ: ಒಣಗಿದ ಸ್ವಚ್ಛ ಗಾಜಿನ ನಳಿಗೆಯಲ್ಲಿ ರೋಗಿಯ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು, ಬಳಿಕ ಓರೆಮಾಡಿ ನೋಡುತ್ತಾರೆ. ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೇರಿದೆಯೆಂದು ತಿಳಿದು, ಒಡನೆಯೇ ಪ್ರತಿವಿಷವನ್ನು ಕೊಡಲು ತೊಡಗುತ್ತಾರೆ.