ಮಾತೂ ಶುಶ್ರೂಷೆಯೇ

ಚುಚ್ಚುಮದ್ದು ಕೊಡುವುದನ್ನು ಕಲಿಸಬಹುದು, ನಾಡಿ ಎಣಿಸುವುದನ್ನು ಕಲಿಸಬಹುದು. ರೋಗಿಯೊಡನೆ ಮಾತನಾಡುವುದನ್ನೂ ಕಲಿಸಬೇಕೆ? ಮಾನಸಿಕ ಚಿಕಿತ್ಸೆಯ ವಾರ್ಡಿಗೆ ಮೊದಲ ಸಲ ಕಾಲಿಡುವ ನರ್ಸಿಂಗ್ ವಿದ್ಯಾರ್ಥಿಗೆ ಉತ್ತರ ಬೇಗನೆ ಹೊಳೆಯುತ್ತದೆ.

“ಗೋಡೆಯ ಆಚೆಯಿಂದ ಯಾರೋ ನನ್ನನ್ನು ಬೈತಾ ಇದಾರೆ, ಸಿಸ್ಟರ್” ಎಂದು ರೋಗಿಯೊಬ್ಬರು ಹೇಳುತ್ತಾರೆನ್ನೋಣ. “ಅದೆಲ್ಲ ಸುಳ್ಳು” ಎಂದರೆ ಅವರು ಮತ್ತೆ ಬಾಯಿ ಬಿಡಲಿಕ್ಕಿಲ್ಲ. “ಹೌದು, ನನಗೂ ಕೇಳಿಸಿತು” ಎಂದರೆ ಭ್ರಮೆಗೆ ಬಲ ಬರುತ್ತದೆ. “ನನಗೆ ಆ ದನಿ ಕೇಳಿಸ್ತಿಲ್ಲ. ಆದರೆ ನಿಮಗೆ ತುಂಬ ಭಯ ಆಗಿರೋ ಹಾಗಿದೆ” ಎನ್ನುವುದು ಮೂರನೆಯ ದಾರಿ. ಇದರಲ್ಲಿ ಸುಳ್ಳೂ ಇಲ್ಲ, ಜಗಳವೂ ಇಲ್ಲ.

ನರ್ಸ್ ಮತ್ತು ರೋಗಿಯ ನಡುವಣ ಸಂಬಂಧವೇ ಚಿಕಿತ್ಸೆಯ ಮುಖ್ಯ ಭಾಗ ಎಂಬ ವಿಚಾರವನ್ನು ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲಾವ್ 1952ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಇಂದು ನಮ್ಮ ನರ್ಸಿಂಗ್ ಶಿಕ್ಷಣದಲ್ಲೂ ಮಾನಸಿಕ ಆರೋಗ್ಯ ಶುಶ್ರೂಷೆ ಒಂದು ಪಾಠವಿಷಯ.

ಇದನ್ನು ಕಲಿಸುವ ಬಗೆ ಹೇಗೆ? ಮೊದಲು ತರಗತಿಯಲ್ಲಿ ಒಬ್ಬರು ರೋಗಿಯಾಗಿ, ಇನ್ನೊಬ್ಬರು ನರ್ಸ್ ಆಗಿ ಅಭಿನಯಿಸುತ್ತಾರೆ. ಮುಂದೆ ವಾರ್ಡಿನಲ್ಲಿ ನಿಜವಾಗಿ ಮಾತನಾಡಿ ಬಂದ ಮೇಲೆ, ನಡೆದ ಸಂಭಾಷಣೆಯನ್ನು ನೆನಪಿನಿಂದ ಬರೆಯಬೇಕು. ಇದಕ್ಕೆ ‘ಪ್ರೋಸೆಸ್ ರೆಕಾರ್ಡಿಂಗ್’ ಎಂದು ಹೆಸರು. ರೋಗಿ ಹೇಳಿದ್ದು, ತಾನು ಹೇಳಿದ್ದು, ಇಬ್ಬರ ಮುಖಭಾವ, ತಾನು ಹಾಗೇಕೆ ಹೇಳಿದೆ ಎಂಬ ವಿಮರ್ಶೆ, ಇಷ್ಟೂ ಅದರಲ್ಲಿರಬೇಕು.

“ಮಗಳು ನೋಡೋಕೇ ಬರಲಿಲ್ಲ” ಎಂದು ಒಬ್ಬ ತಾಯಿ ಹೇಳಿದಾಗ, “ಎಲ್ಲ ಸರಿಹೋಗುತ್ತೆ ಬಿಡಿ, ಅಮ್ಮ” ಎಂದು ವಿದ್ಯಾರ್ಥಿ ಸಮಾಧಾನ ಹೇಳಿರಬಹುದು. ಆಕೆ ಮುಖ ತಿರುಗಿಸಿಕೊಂಡರು ಎಂದೂ ಬರೆದಿರಬಹುದು. ಅಧ್ಯಾಪಕರೊಡನೆ ಕೂತು ಓದುವಾಗ ಸಂಗತಿ ಬಯಲಾಗುತ್ತದೆ: ಆ ಸಮಾಧಾನ ತಾಯಿಗಾಗಿ ಆಡಿದ್ದಲ್ಲ, ತನ್ನ ಮುಜುಗರ ಕಳೆದುಕೊಳ್ಳಲು ಆಡಿದ್ದು. ಒಂದು ನಿಮಿಷ ಸುಮ್ಮನೆ ಪಕ್ಕದಲ್ಲಿ ಕೂತಿದ್ದರೂ ಸಾಕಿತ್ತು.

ಮಾತು ತಪ್ಪಿದರೆ ಜೀವಕ್ಕೇ ಅಪಾಯವಾಗುವ ಸಂದರ್ಭಗಳೂ ಇವೆ. “ಇನ್ನು ಬದುಕಿ ಏನು ಪ್ರಯೋಜನ?” ಎಂದವರನ್ನು “ಸಾಯಬೇಕು ಅನ್ನಿಸ್ತಿದೆಯಾ?” ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಅಂಜಿಕೆಗೆ ಆಧಾರವಿಲ್ಲ. “ಯಾರಿಗೂ ಹೇಳಬೇಡಿ” ಎಂದು ಅವರು ಬೇಡಿದರೂ ಭಾಷೆ ಕೊಡುವಂತಿಲ್ಲ. “ನಿಮ್ಮ ಜೀವದ ವಿಷಯ ಇದು, ಡಾಕ್ಟರಿಗೆ ಹೇಳಲೇಬೇಕು. ನಾನೂ ಜೊತೇಲಿರ್ತೀನಿ” ಎಂದು ನಿಜವನ್ನೇ ತಿಳಿಸಬೇಕು.

ವಿದ್ಯಾರ್ಥಿಗಳೇ, ನೀವು ನರ್ಸ್ ಆಗದಿರಬಹುದು. ಆದರೆ ನೊಂದ ಗೆಳೆಯರೋ ಗೆಳತಿಯರೋ ನಿಮ್ಮ ಪಕ್ಕದ ಬೆಂಚಿನಲ್ಲೇ ಇರಬಹುದು. ಉಪದೇಶ ಬೇಡ, ಮೊದಲು ಕೇಳಿ. ಬಳಿಕ ಹಿರಿಯರಿಗೆ ತಿಳಿಸಿ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಉಚಿತ ದೂರವಾಣಿ ಸಂಖ್ಯೆ 14416. ಹಗಲಿರುಳೂ ಅಲ್ಲಿ ನೆರವು ಸಿಗುತ್ತದೆ.