ಜೀಪ್ ಎತ್ತರ ಮಾಡಿದ ಮೇಲೆ ಬರೋ ಎರಡನೇ ಬಿಲ್: ಸ್ಲಿಪ್ ಯೋಕ್ ತೆಗೆಸ್ಬೇಕಾ, ಬೇಡ್ವಾ?

(ಈ ವಾರದ ಎಪಿಸೋಡ್‌ನ ಬರಹ ರೂಪ. ಇಯರ್‌ಫೋನ್ ಮರೆತು ಬಸ್ ಹತ್ತಿದವರಿಗಾಗಿ.)

ಮೊದಲೇ ಹೇಳಿಬಿಡ್ತೀನಿ, ನಾನು ಮೆಕ್ಯಾನಿಕ್ ಅಲ್ಲ, ಬಿ.ಕಾಂ ಓದಿದವನು. ಆದ್ರೆ ಈ ಎಪಿಸೋಡ್ ಶುರುವಾಗಿದ್ದೇ ಒಂದು ಗಾಡಿ ಕೆಟ್ಟು ನಿಂತಿದ್ರಿಂದ.

ಮೊನ್ನೆ ಒಂದು ಭಾನುವಾರ ಬೆಳಗ್ಗೆ ದೊಡ್ಡಮ್ಮನ ಮಗ ಫೋನ್ ಮಾಡಿದ. ಅಣ್ಣ ಇರೋದು ಅಮೆರಿಕದ ಫೀನಿಕ್ಸ್ ಹತ್ರ. ಅಲ್ಲಿ ಶನಿವಾರ ಸಂಜೆ. "ಲೋ, ಮರಳು ದಾರೀಲಿ ಜೀಪ್ ನಿಂತುಬಿಟ್ಟಿದೆ ಕಣೋ. ಟೋ ಗಾಡಿ ಬರೋವರೆಗೂ ಮಾತಾಡ್ತಾ ಇರು" ಅಂದ. ಹಿಂದಿನ ಸೀಟಲ್ಲಿ ಅತ್ತಿಗೆ, ಆರು ವರ್ಷದ ಮಗಳು. ಕತ್ತಲಾಗ್ತಿತ್ತು, ನೀರು ಒಂದೇ ಬಾಟಲ್ ಉಳಿದಿತ್ತು.

ಗಾಡಿ 2004ರ ಜೀಪ್ ರ‍್ಯಾಂಗ್ಲರ್ ಟಿಜೆ, ಸೆಕೆಂಡ್ ಹ್ಯಾಂಡ್. ಹಳೇ ಓನರ್ 4 ಇಂಚು ಲಿಫ್ಟ್ ಹಾಕಿಸಿದ್ದ. ಹೈವೇಲಿ ಸ್ಪೀಡ್ ಏರಿದ್ರೆ ನೆಲ ನಡುಗ್ತಿತ್ತಂತೆ. "ಜೀಪ್ ಅಂದ್ಮೇಲೆ ಹೀಗೇ" ಅಂತ ಅಣ್ಣ ಸುಮ್ಮನಿದ್ದ. ಆವತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ಮುರೀತು. ಕ್ರಾಸ್ ಅಂದ್ರೆ ಯೂನಿವರ್ಸಲ್ ಜಾಯಿಂಟ್, ನಮ್ಮ ಗ್ಯಾರೇಜಲ್ಲಿ ಹೀಗೇ ಕರೀತಾರೆ. ಸರಿ, ಹಿಂದಿನ ಶಾಫ್ಟ್ ಬಿಚ್ಚಿಟ್ಟು ಮುಂದಿನ ಚಕ್ರದ ಬಲದಲ್ಲೇ ಮನೆ ಸೇರೋಣ ಅಂತ ಅವನ ಪ್ಲ್ಯಾನ್. ಶಾಫ್ಟ್ ಎಳೆದ ತಕ್ಷಣ ಟ್ರಾನ್ಸ್‌ಫರ್ ಕೇಸ್‌ನ ಹಿಂಭಾಗದಿಂದ ಆಯಿಲ್ ಸುರಿಯೋಕೆ ಶುರುವಾಯ್ತು. ಪ್ಲ್ಯಾನ್ ಅಲ್ಲಿಗೇ ಮುಗೀತು.

ಯಾಕೆ ಸುರೀತು? ಅದು ಗೊತ್ತಾದ್ರೆ ಇವತ್ತಿನ ವಿಷಯದಲ್ಲಿ ಅರ್ಧ ಗೊತ್ತಾದ ಹಾಗೆ.

ಜಾರೋ ಜಾಗ ಎಲ್ಲಿದೆ?

ಟ್ರಾನ್ಸ್‌ಫರ್ ಕೇಸ್ ಅಂದ್ರೆ ಗೇರ್‌ಬಾಕ್ಸ್ ಹಿಂದೆ ಕೂತು ಇಂಜಿನ್ ಬಲವನ್ನ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚೋ ಪೆಟ್ಟಿಗೆ. ಹೆಚ್ಚಿನ ಟಿಜೆಗಳಲ್ಲಿ ಇರೋದು ಎನ್‌ವಿ231. ಅದರಿಂದ ಹಿಂದಕ್ಕೆ ಹೊರಬರೋ ಕಂಬಿಯೇ ಔಟ್‌ಪುಟ್ ಶಾಫ್ಟ್.

ಗುಂಡಿಗೆ ಬಿದ್ದಾಗ ಆಕ್ಸಲ್ ಮೇಲೆ ಕೆಳಗೆ ಆಡುತ್ತೆ. ಹಾಗಾಗಿ ಪ್ರೊಪೆಲ್ಲರ್ ಶಾಫ್ಟ್‌ನ ಉದ್ದ ಸ್ವಲ್ಪ ಹೆಚ್ಚು ಕಮ್ಮಿ ಆಗ್ಲೇಬೇಕು, ಎಲ್ಲೋ ಒಂದು ಕಡೆ ಅದು ಜಾರಬೇಕು. ಎನ್‌ವಿ231ರಲ್ಲಿ ಆ ಜಾರೋ ಜಾಗ ಟ್ರಾನ್ಸ್‌ಫರ್ ಕೇಸ್‌ನ ಬಾಲದ ಒಳಗೇ ಇದೆ. ಪ್ರೊಪೆಲ್ಲರ್ ಶಾಫ್ಟ್‌ನ ತುದಿಯ ಯೋಕ್, ಔಟ್‌ಪುಟ್ ಶಾಫ್ಟ್‌ನ ಹಲ್ಲುಗಳ ಮೇಲೆ ಹಿಂದೆ ಮುಂದೆ ಜಾರುತ್ತೆ. ಇದೇ ಸ್ಲಿಪ್ ಯೋಕ್. ಆಯಿಲ್ ಹೊರಗೆ ಬರದಂತೆ ತಡೆಯೋದೂ ಈ ಯೋಕೇ, ಅದರ ಸುತ್ತ ಸೀಲ್ ಕೂತಿರುತ್ತೆ. ಯೋಕ್ ಎಳೆದ್ರೆ ಬಾಟಲಿಯ ಮುಚ್ಚಳ ತೆಗೆದ ಹಾಗೆ.

ಕಂಪನಿಯಿಂದ ಬಂದ ಎತ್ತರದಲ್ಲಿ ಇದ್ರಿಂದ ಏನೂ ತೊಂದರೆ ಇಲ್ಲ. ಲಿಫ್ಟ್ ಹಾಕಿದಾಗ ಕಥೆ ಬದಲಾಗುತ್ತೆ.

4 ಇಂಚು ಎಷ್ಟು ಡಿಗ್ರಿ?

ಲಿಫ್ಟ್ ಹಾಕಿದಾಗ ಬಾಡಿ ಜೊತೆ ಟ್ರಾನ್ಸ್‌ಫರ್ ಕೇಸೂ ಮೇಲೆ ಹೋಗುತ್ತೆ, ಆಕ್ಸಲ್ ಮಾತ್ರ ಕೆಳಗೇ ಇರುತ್ತೆ. ನಡುವಿನ ಶಾಫ್ಟ್ ಓರೆಯಾಗುತ್ತೆ. ಶಾಫ್ಟ್ 40 ಇಂಚು ಉದ್ದ ಇದ್ರೆ, 4 ಇಂಚಿನ ವ್ಯತ್ಯಾಸಕ್ಕೆ ಕೋನ ಸುಮಾರು 6 ಡಿಗ್ರಿ ಹೆಚ್ಚುತ್ತೆ. 20 ಇಂಚು ಇದ್ರೆ ಸುಮಾರು 11 ಡಿಗ್ರಿ. ಟಿಜೆಯ ವೀಲ್‌ಬೇಸ್ ಬರೀ 93.4 ಇಂಚು, ಹಾಗಾಗಿ ಹಿಂದಿನ ಶಾಫ್ಟ್ ಗಿಡ್ಡ. ಲಿಫ್ಟ್‌ನ ಏಟು ಇದಕ್ಕೆ ಜೋರಾಗಿ ಬೀಳೋದು ಅದಕ್ಕೇ. 2004ರಿಂದ 2006ರವರೆಗೆ ಬಂದ ಉದ್ದದ ರ‍್ಯಾಂಗ್ಲರ್ ಅನ್‌ಲಿಮಿಟೆಡ್‌ನಲ್ಲಿ ವೀಲ್‌ಬೇಸ್ 10 ಇಂಚು ಹೆಚ್ಚು, ಅಷ್ಟೇ ಲಿಫ್ಟ್ ಹಾಕಿದ್ರೂ ಕೋನ ಕಮ್ಮಿ.

ಕೋನ ಹೆಚ್ಚಾದ್ರೆ ಏನಾಗುತ್ತೆ? ಕ್ರಾಸ್ ಓರೆಯಾಗಿ ತಿರುಗುವಾಗ ಆ ಕಡೆಯ ವೇಗ ಒಂದೇ ಸಮ ಇರಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಜೋರಾಗುತ್ತೆ, ಎರಡು ಸಲ ನಿಧಾನ ಆಗುತ್ತೆ. 10 ಡಿಗ್ರಿಯಲ್ಲಿ ಈ ಏರಿಳಿತ ಸುಮಾರು ಶೇಕಡಾ 1.5. ಅದೇ 20 ಡಿಗ್ರಿಯಲ್ಲಿ ಸುಮಾರು ಶೇಕಡಾ 6. ಅಂದ್ರೆ ಕೋನ ಎರಡು ಪಟ್ಟಾದ್ರೆ ಏರಿಳಿತ ನಾಲ್ಕು ಪಟ್ಟು, ಚಕ್ರಬಡ್ಡಿ ಥರ. ಎರಡೂ ತುದಿಯ ಕೋನ ಸಮ ಇದ್ರೆ ಒಂದರ ಏರಿಳಿತವನ್ನ ಇನ್ನೊಂದು ಸರಿ ಮಾಡುತ್ತೆ, ನಿಜ. ಆದ್ರೆ ನಡುವಿನ ಶಾಫ್ಟ್ ಮಾತ್ರ ಎಳೆದು ಬಿಟ್ಟು ತಿರುಗ್ತಾನೇ ಇರುತ್ತೆ. ಅಣ್ಣ ಅನುಭವಿಸ್ತಿದ್ದ ನಡುಕ ಅದೇ. ಸವೀತಾ ಇದ್ದಿದ್ದು ಕ್ರಾಸು.

ಇನ್ನೊಂದು ವಿಷಯ. ಆಕ್ಸಲ್ ದೂರ ಹೋದಷ್ಟೂ ಸ್ಲಿಪ್ ಯೋಕ್ ಹೊರಗೆ ಬರುತ್ತೆ, ಹಲ್ಲುಗಳ ಹಿಡಿತ ಕಮ್ಮಿಯಾಗುತ್ತೆ.

ಮೂರು ದಾರಿ, ಮೂರು ಬೆಲೆ

ಮರುದಿನ ಅಣ್ಣ ಮೂರು ಕೊಟೇಶನ್ ಕಳಿಸಿದ. "ನೀನು ಕಾಮರ್ಸ್ ಅಲ್ವೇನೋ, ಲೆಕ್ಕ ನೋಡಿ ಹೇಳು."

ಮೊದಲನೇದು, ಡ್ರಾಪ್. ಟ್ರಾನ್ಸ್‌ಫರ್ ಕೇಸ್ ಕೂತಿರೋ ಸ್ಕಿಡ್ ಪ್ಲೇಟ್ ಮತ್ತು ಫ್ರೇಮ್ ನಡುವೆ ಸ್ಪೇಸರ್ ಇಟ್ಟು, ಒಂದು ಇಂಚಿನಷ್ಟು ಕೆಳಗಿಳಿಸೋದು. ತುಂಬಾ ಅಗ್ಗ. ಆದ್ರೆ ಜೀಪಿನ ಹೊಟ್ಟೆಯೂ ಅಷ್ಟೇ ಕೆಳಗೆ ಬರುತ್ತೆ. 4 ಇಂಚಿಗೆ ದುಡ್ಡು ಕೊಟ್ಟು 3 ಇಂಚು ಮನೆಗೆ ತಂದ ಹಾಗೆ. ಸ್ಲಿಪ್ ಯೋಕ್ ಅಲ್ಲೇ ಉಳಿಯುತ್ತೆ. ಅಣ್ಣನ ಗಾಡಿಗೆ ಹಳೇ ಓನರ್ ಇದನ್ನೇ ಮಾಡಿದ್ದ ಅಂತ ಫೋಟೋ ನೋಡಿದಾಗ ಗೊತ್ತಾಯ್ತು.

ಎರಡನೇದು, ಹ್ಯಾಕ್ ಅಂಡ್ ಟ್ಯಾಪ್. ಇರೋ ಔಟ್‌ಪುಟ್ ಶಾಫ್ಟ್‌ನ ತುದಿ ಕತ್ತರಿಸಿ, ತೂತು ಕೊರೆದು, ಮರೆ ಹಾಕಿ, ಜಾರದೇ ಇರೋ ಯೋಕ್ ಒಂದನ್ನ ಬೋಲ್ಟ್‌ನಲ್ಲಿ ಬಿಗಿಯೋದು. ಟ್ರಾನ್ಸ್‌ಫರ್ ಕೇಸ್ ಬಿಚ್ಚಬೇಕಾಗಿಲ್ಲ, ಖರ್ಚು ಮಧ್ಯಮ. ಆದ್ರೆ ಶಾಫ್ಟ್ ಅದೇ ಹಳೇದು. ಕೈ ತಪ್ಪಿದ್ರೆ ವಾಪಸ್ ಹೋಗೋ ದಾರಿ ಇಲ್ಲ, ಕತ್ತರಿಸಿದ್ದು ಕತ್ತರಿಸಿದ್ದೇ.

ಮೂರನೇದು, ಪೂರ್ತಿ ಸ್ಲಿಪ್ ಯೋಕ್ ಎಲಿಮಿನೇಟರ್, ಚುಟುಕಾಗಿ ಎಸ್‌ವೈಇ. ಟ್ರಾನ್ಸ್‌ಫರ್ ಕೇಸ್ ಇಳಿಸಿ, ಬಿಚ್ಚಿ, ಹಳೇ ಶಾಫ್ಟ್ ಬದಲು ಗಿಡ್ಡವಾದ, ದಪ್ಪನೆಯ 32 ಹಲ್ಲಿನ ಹೊಸ ಶಾಫ್ಟ್ ಹಾಕೋದು. ಯೋಕ್ ಭದ್ರವಾಗಿ ಕೂರುತ್ತೆ, ಜಾರೋ ಕೆಲಸ ಪ್ರೊಪೆಲ್ಲರ್ ಶಾಫ್ಟ್‌ಗೇ ಹೋಗುತ್ತೆ. ಬಾಲ ಗಿಡ್ಡ ಆದಷ್ಟೂ ಪ್ರೊಪೆಲ್ಲರ್ ಶಾಫ್ಟ್ ಉದ್ದ ಇಡಬಹುದು, ಕೋನ ಇಳಿಯುತ್ತೆ. ಮುಖ್ಯವಾಗಿ, ದಾರೀಲಿ ಹಿಂದಿನ ಶಾಫ್ಟ್ ಬಿಚ್ಚಿದ್ರೂ ಆಯಿಲ್ ಸುರಿಯಲ್ಲ. ಮುಂದಿನ ಚಕ್ರದಲ್ಲಿ ಮೆಲ್ಲಗೆ ಮನೆ ಸೇರಬಹುದು.

ಕಿಟ್ ಬೆಲೆ ಅಂದ್ರೆ ಪೂರ್ತಿ ಬೆಲೆ ಅಲ್ಲ

ಜನ ತಪ್ಪೋದು ಇಲ್ಲೇ. ಎರಡನೇ ದಾರಿಗೂ ಮೂರನೇ ದಾರಿಗೂ ಹೊಸ ಪ್ರೊಪೆಲ್ಲರ್ ಶಾಫ್ಟ್ ಬೇಕೇ ಬೇಕು. ಟ್ರಾನ್ಸ್‌ಫರ್ ಕೇಸ್ ಕಡೆ ಡಬಲ್ ಕಾರ್ಡನ್, ಅಂದ್ರೆ ಎರಡು ಕ್ರಾಸ್ ಜೋಡಿಸಿದ ಜಾಯಿಂಟ್ ಇರೋದು. ಇದು ಆ ತುದಿಯ ಏರಿಳಿತವನ್ನ ತಾನೇ ಸರಿ ಮಾಡ್ಕೊಳ್ಳುತ್ತೆ. ಹಾಗಾಗಿ ಕೆಳಗಿನ ತುದೀಲಿ ಕೋನ ಇರಬಾರದು, ಆಕ್ಸಲ್‌ನ ಪಿನಿಯನ್ ಮೂತಿ ಎತ್ತಿ ಸುಮಾರಾಗಿ ಶಾಫ್ಟ್‌ನ ನೇರಕ್ಕೆ ನೋಡ್ಬೇಕು. ಟಿಜೆಯಲ್ಲಿ ಅದಕ್ಕೆ ಉದ್ದ ಹೊಂದಿಸಬಹುದಾದ ಕಂಟ್ರೋಲ್ ಆರ್ಮ್ ಬೇಕು. ಲೀಫ್ ಸ್ಪ್ರಿಂಗ್ ಗಾಡಿಗಳಿಗೆ ಓರೆ ಶಿಮ್ ಸಾಕು.

ಅಂದ್ರೆ ಬಿಲ್ಲಲ್ಲಿ ಕಿಟ್, ಶಾಫ್ಟ್, ಆರ್ಮ್, ಲೇಬರ್ ನಾಲ್ಕೂ ಇರುತ್ತೆ. ಇಷ್ಟನ್ನೂ ಕೂಡಿಸಿ ನೋಡಿದ್ರೆ ಎರಡನೇ ದಾರಿಗೂ ಮೂರನೇ ದಾರಿಗೂ ಮೊದಲು ಕಂಡಷ್ಟು ಅಂತರ ಇರಲ್ಲ, ಯಾಕಂದ್ರೆ ಶಾಫ್ಟ್ ಮತ್ತು ಆರ್ಮ್ ಖರ್ಚು ಎರಡಕ್ಕೂ ಒಂದೇ. ನಾನು ಅಣ್ಣನಿಗೆ ಹೇಳಿದ್ದೂ ಅದನ್ನೇ: "ಉಳಿಯೋ ದುಡ್ಡು ಸ್ವಲ್ಪವೇ. ಅದಕ್ಕೋಸ್ಕರ ಹಳೇ ಶಾಫ್ಟ್ ಕೊಯ್ಯಿಸಬೇಡ."

ಕೆಲಸದ ಕ್ರಮವೂ ಮುಖ್ಯ. ಮೊದಲು ಎಸ್‌ವೈಇ ಹಾಕಿಸಿ. ಆಮೇಲೆ ಪಿನಿಯನ್ ಕೋನ ಹೊಂದಿಸಿ. ಗಾಡಿಯ ಭಾರ ಚಕ್ರದ ಮೇಲೆ ಇರುವಾಗ ಯೋಕ್‌ನಿಂದ ಯೋಕ್‌ಗೆ ಅಳತೆ ತೆಗೀರಿ. ಕೊನೆಗೆ ಶಾಫ್ಟ್ ಆರ್ಡರ್ ಮಾಡಿ. ಮೊದಲೇ ಶಾಫ್ಟ್ ತರಿಸಿದ್ರೆ ಅಳತೆ ತಪ್ಪಿ ದುಡ್ಡು ಹೋಗಬಹುದು.

ಯಾರಿಗೆ ಬೇಡ?

2 ಇಂಚು ಅಥವಾ ಅದಕ್ಕಿಂತ ಕಮ್ಮಿ ಲಿಫ್ಟ್, ನಡುಕ ಇಲ್ಲ, ಸೀಲ್ ಸೋರ್ತಿಲ್ಲ ಅಂದ್ರೆ ಏನೂ ಮಾಡಬೇಡಿ. ನಡುಕ ಇದ್ರೂ ಮೊದಲು ಟೈರ್ ಬ್ಯಾಲೆನ್ಸ್, ಕ್ರಾಸ್‌ನ ಸವೆತ ನೋಡಿಸಿ. 2003ರಿಂದ ಬಂದ ಟಿಜೆ ರೂಬಿಕಾನ್‌ನಲ್ಲಿ ಇರೋದು ಎನ್‌ವಿ241 ಟ್ರಾನ್ಸ್‌ಫರ್ ಕೇಸ್, ಅದರಲ್ಲಿ ಸ್ಲಿಪ್ ಯೋಕೇ ಇಲ್ಲ. ಅದಕ್ಕೆ ಎಸ್‌ವೈಇ ಮಾರೋಕೆ ಬಂದವರಿಗೆ ಕೈ ಮುಗಿದು ಕಳಿಸಿ.

ಕೊಡಗು, ಸಕಲೇಶಪುರದ ಕಡೆಯ ಕೇಳುಗರು ಈಗ ನಿಮ್ಮ ತೋಟದ ಜೀಪನ್ನ ಬಗ್ಗಿ ನೋಡ್ತಿರಬಹುದು. ಹಳೇ ವಿಲ್ಲೀಸ್ ಮಾದರಿಯ ಜೀಪು, ಜಿಪ್ಸಿ ಇವುಗಳಲ್ಲಿ ಜಾರೋ ಭಾಗ ಮೊದಲಿಂದಲೂ ಪ್ರೊಪೆಲ್ಲರ್ ಶಾಫ್ಟ್‌ನಲ್ಲೇ ಇದೆ. ನಿಮಗೆ ಈ ಖರ್ಚಿಲ್ಲ. ಕೋನದ ಲೆಕ್ಕ ಮಾತ್ರ ನಿಮಗೂ ಅನ್ವಯಿಸುತ್ತೆ. ಜೊತೆಗೆ ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. ಕಂಪನಿ ಕೊಟ್ಟ ವಿವರಕ್ಕಿಂತ ಗಾಡಿ ಬೇರೆಯಾಗೋ ಹಾಗೆ ಬದಲಾಯಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಲಿಫ್ಟ್ ಯೋಚನೆ ಇದ್ರೆ ಮೊದಲು ಆರ್‌ಟಿಒ ಆಫೀಸಲ್ಲಿ ವಿಚಾರಿಸಿ.

ಅಣ್ಣ ಮೂರನೇ ದಾರಿ ಹಿಡಿದ. ಹಳೇ ಸ್ಪೇಸರ್ ಕಿತ್ತುಹಾಕಿಸಿದ. ಕೆಲಸ ಮುಗಿದ ವಾರ ಹೈವೇಯಿಂದಲೇ ವಿಡಿಯೋ ಕಾಲ್ ಬಂತು. ಫೋನ್ ಹಿಡಿದಿದ್ದು ಮಗಳು. "ಚಿಕ್ಕಪ್ಪಾ, ನೋಡು, ಈಗ ಸೀಟು ಗುಡುಗುಡು ಅನ್ನಲ್ಲ" ಅಂದಳು. ಸ್ಟೇರಿಂಗ್ ಹಿಡಿದಿದ್ದ ಅಣ್ಣ, "ಆ ನಡುಕ ಶುರುವಾದ ದಿನವೇ ಗಾಡಿ ಕೆಳಗೆ ಬಗ್ಗಿ ನೋಡಬೇಕಿತ್ತು ಕಣೋ" ಅಂದ.

ನಿಮ್ಮ ಗಾಡಿ ಏನಾದ್ರೂ ನಡುಗ್ತಿದ್ರೆ ಈ ವಾರಾಂತ್ಯ ಒಂದ್ಸಲ ಬಗ್ಗಿ ನೋಡಿ. ಮುಂದಿನ ವಾರ ಸಿಗೋಣ.