ಬೀದರಿಗೆ ಅರವತ್ತು, ಗುಮಟಾಪುರಕ್ಕೆ ನೂರಿಪ್ಪತ್ತು!

ದೀಪಾವಳಿ ಮುಗಿದ ಮೇಲೆ ಸಗಣಿ ಉಂಡೆಯಲ್ಲಿ ಹೊಡೆದಾಡುವ ಗೋರೆ ಹಬ್ಬದ ಊರು ಎಂದರೆ ನಮ್ಮೂರು ಗುಮಟಾಪುರ ಓದುಗರಿಗೆ ಥಟ್ಟನೆ ಗೊತ್ತಾದೀತು. ಆಡಳಿತಕ್ಕೆ ತಮಿಳುನಾಡಿನ ಈರೋಡ್ ಜಿಲ್ಲೆ, ಆಡುವ ಮಾತು ಕನ್ನಡ. ನೆಂಟಸ್ತನಕ್ಕೆ, ಸಂತೆಗೆ, ಸಾಮಾನಿಗೆ ಚಾಮರಾಜನಗರ. ಈರೋಡ್ ಮುಖ ನೋಡಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಆ ಗೆರೆಯ ಬಗ್ಗೆ ಹೇಳುವುದೆಲ್ಲ ಹೇಳಿ ಮುಗಿದಿದೆ ಎಂದುಕೊಂಡಿದ್ದೆ. ಆದರೆ ಒಂದು ಹಳೆಯ ಪುಸ್ತಕ ಕೊಳ್ಳಲು ಹೋದಾಗ ಅದೇ ಗೆರೆ ಮತ್ತೆ ಕಾಲಿಗೆ ತೊಡರಿತು.

ನನ್ನದು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಓದಿದ್ದು ಎಸ್ಸೆಸ್ಸೆಲ್ಸಿ. ಬೆಳೆಯುವುದು ಅರಿಶಿನ, ರಾಗಿ, ಒಂದಿಷ್ಟು ಕೋಸು. ಬಿಡುವಾದಾಗ ಎರಡೂ ಭಾಷೆಯಲ್ಲಿ ಪದ್ಯ ಗೀಚುತ್ತೇನೆ. ವೇಮನನ ಪದ್ಯಗಳ ಹಳೆಯ ಅಚ್ಚೊಂದು ಸಿಕ್ಕೀತೇ ಎಂದು ಬಹಳ ವರ್ಷದಿಂದ ಹುಡುಕುತ್ತಿದ್ದೆ. ತಂಗಿಯ ಮಗ ಮೊಬೈಲಿನಲ್ಲಿ ಹಳೆಯ ಪುಸ್ತಕ ಹರಾಜು ಹಾಕುವ ಒಂದು ಗುಂಪಿಗೆ ನನ್ನನ್ನು ಸೇರಿಸಿದ. ಮಾರುವವರು ಮೈಸೂರಿನವರು. ಸಂಜೆ ಪುಸ್ತಕದ ಫೋಟೋ ಹಾಕುತ್ತಾರೆ, ನಾವು ರೇಟು ಬರೆಯುತ್ತಾ ಹೋಗಬೇಕು. ರಾತ್ರಿ ಒಂಬತ್ತಕ್ಕೆ ಯಾರದು ಜಾಸ್ತಿಯೋ ಅವರಿಗೆ ಪುಸ್ತಕ.

ಐವತ್ತಕ್ಕೆ ಶುರುವಾದದ್ದು ಇನ್ನೂರ ಹತ್ತಕ್ಕೆ ನನ್ನ ಹೆಸರಿಗೆ ನಿಂತಿತು. ಖುಷಿಗೆ ಆವತ್ತು ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಒಂದು ಸಾಲು ಬಂದಿತ್ತು: ‘ಅಂಚೆ ವೆಚ್ಚ ಪ್ರತ್ಯೇಕ. ಕರ್ನಾಟಕದೊಳಗೆ 60, ಹೊರರಾಜ್ಯಕ್ಕೆ 120.’

ಫೋನು ಮಾಡಿದೆ. ‘ಸ್ವಾಮಿ, ನಮ್ಮೂರು ನಿಮಗೆ ನೂರು ಕಿಲೋಮೀಟರಿನ ಒಳಗೇ ಅದೆ. ಬೀದರು ಎಂಟುನೂರರ ಆಸುಪಾಸು. ಬೀದರಿಗೆ ಅರವತ್ತು, ನನಗೆ ನೂರಿಪ್ಪತ್ತು, ಇದ್ಯಾವ ಲೆಕ್ಕ?’ ಎಂದೆ. ಆತ ಕೋಪ ಮಾಡಿಕೊಳ್ಳಲಿಲ್ಲ. ‘ನಿಮ್ಮ ಪಿನ್‌ಕೋಡು ತಮಿಳುನಾಡು ತೋರಿಸ್ತದೆ ಸಾರ್, ನಾನೇನು ಮಾಡ್ಲಿ?’ ಎಂದರು.

ದುಡ್ಡು ಕಟ್ಟಿದೆ. ವಾರದಲ್ಲಿ ಪುಸ್ತಕ ಬಂತು. ಬಂದದ್ದು ಕೊರಿಯರಿನಲ್ಲಲ್ಲ, ಸರ್ಕಾರಿ ಅಂಚೆಯಲ್ಲಿ. ಕವರಿನ ಮೇಲೆ ಅಂಟಿಸಿದ್ದ ಚೀಟಿಯಲ್ಲಿದ್ದ ಮೊತ್ತ ಮೂವತ್ತು ರೂಪಾಯಿಗೂ ಒಳಗೆ! ಉಳಿದ ತೊಂಬತ್ತು ಚಿಲ್ಲರೆ ಎಲ್ಲಿ ಹೋಯಿತು?

ಅಂಚೆಗೆ ಗಡಿ ಇದೆಯೇ?

ವಿಚಾರಿಸುತ್ತಾ ಹೋದಾಗ ತಿಳಿದದ್ದನ್ನು ಗಡಿನಾಡಿನ ರೈತಬಂಧುಗಳಿಗೂ ವರ್ತಕರಿಗೂ ತಿಳಿಸುವುದು ಒಳ್ಳೆಯದೆಂದು ಇದನ್ನು ಬರೆಯುತ್ತಿದ್ದೇನೆ.

ಪುಸ್ತಕಗಳಿಗೆ ಮೊದಲು ಅಗ್ಗದ ಬುಕ್‌ಪೋಸ್ಟ್ ಇತ್ತು. 2024ರ ಡಿಸೆಂಬರಿನಲ್ಲಿ ಅದು ನಿಂತುಹೋಯಿತು. ಪ್ರಕಾಶಕರೂ ಓದುಗರೂ ಗೊಣಗಿದರು. ಆಮೇಲೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಬಂತು. ಅಚ್ಚಾದ ಪುಸ್ತಕ, ಪಾಠದ ಸಾಮಗ್ರಿಗೆ ಮಾತ್ರ ಇದು. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ ಹೋದರೆ 100 ರೂಪಾಯಿ, ತೆರಿಗೆ ಬೇರೆ. ಇದರಲ್ಲಿ ಲೆಕ್ಕ ತೂಕಕ್ಕೆ ಮಾತ್ರ. ಅದಕ್ಕೆ ಬೀದರೂ ಒಂದೇ, ಗುಮಟಾಪುರವೂ ಒಂದೇ.

2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟರು. ಈ ಸ್ಪೀಡ್ ಪೋಸ್ಟಿನಲ್ಲಿ ದೂರದ ಲೆಕ್ಕ ಉಂಟು. ಆದರೆ ಅದು ಕಿಲೋಮೀಟರಿನ ಲೆಕ್ಕ: ಸ್ಥಳೀಯ, 200ರವರೆಗೆ, 500ರವರೆಗೆ, ಹೀಗೆ. ರಾಜ್ಯ ಯಾವುದು ಎಂದು ಅಂಚೆ ಇಲಾಖೆ ಕೇಳುವುದಿಲ್ಲ. ರಾಜ್ಯದೊಳಗೆ ಒಂದು, ರಾಜ್ಯದಾಚೆ ಒಂದು ಎಂದು ವಲಯ ಮಾಡಿಕೊಂಡಿರುವುದು ಹಲವು ಖಾಸಗಿ ಕೊರಿಯರ್‌ಗಳು. ಮಾರುವವರು ಆ ಕೊರಿಯರ್ ದರವನ್ನು ಪಟ್ಟಿಯಲ್ಲಿ ಹಾಕಿ, ಕಳಿಸುವಾಗ ಅಂಚೆಯಲ್ಲಿ ಕಳಿಸಿದರೆ ಅದು ಅಂಚೆ ವೆಚ್ಚವಲ್ಲ, ಗಡಿ ವೆಚ್ಚ.

‘ಅಂಚೆ’ ಎಂಬ ಮಾತಿಗೇ ಬೇಸರವಾದೀತು. 1672ರಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ಅಂಚೆ ಸ್ಥಾಪಿಸಿದರು. 1889ರಲ್ಲಿ ಅದು ಬ್ರಿಟಿಷರ ಅಂಚೆಯೊಡನೆ ಒಂದಾಯಿತು. ತೆಲುಗಿನಲ್ಲಿ ‘ಅಂಚೆಲಂಚೆಲುಗಾ’ ಎಂದರೆ ಹಂತ ಹಂತವಾಗಿ ಎಂದರ್ಥ. ಒಬ್ಬ ಓಡಿ ಇನ್ನೊಬ್ಬನ ಕೈಗೆ ಕೊಡುವ ಹಂತ ಆ ಮಾತಿನಲ್ಲಿದೆ. ಈಗ ಖರ್ಚು ಮಾತ್ರ ಅಂಚೆಲಂಚೆಲುಗಾ ಏರುತ್ತಿದೆ.

ಅರಿಶಿನದ ಹರಾಜು, ಪುಸ್ತಕದ ಹರಾಜು

ಹರಾಜು ನಮಗೆ ಹೊಸದಲ್ಲ. ಈರೋಡಿನ ಅರಿಶಿನ ಹರಾಜಿಗೆ ಚೀಲ ಹೊತ್ತುಕೊಂಡು ಹೋದವರು ನಾವು. ಹಮಾಲಿ ಯಾರು ಕೊಡಬೇಕು, ಚೀಲದ ತೂಕ ಎಷ್ಟು ಕಳೆಯಬೇಕು, ಲಾರಿ ಬಾಡಿಗೆ ಯಾರ ತಲೆಗೆ ಎಂಬುದು ರೇಟು ಕೂಗುವ ಮೊದಲೇ ಗೊತ್ತಿರಬೇಕು. ಕೂಗು ಮುಗಿದ ಮೇಲೆ ಯಾರಾದರೂ ಹೊಸ ಖರ್ಚು ಎತ್ತಿದರೆ ಮಂಡಿಯಲ್ಲಿ ಜಗಳವೇ ಆಗಿಹೋಗುತ್ತದೆ. ಮೊಬೈಲ್ ಹರಾಜಿನಲ್ಲಿ ಆ ಜಗಳ ಆಡಲು ಎದುರಿಗೆ ಮನುಷ್ಯನೇ ಇರುವುದಿಲ್ಲ.

ಇದು ಲೋಕದಲ್ಲೆಲ್ಲ ನಡೆದ ಆಟ. ನಮ್ಮ ದೇಶದಲ್ಲಿ 2000ದಲ್ಲಿ ಶುರುವಾದ ‘ಬಾಜೀ’ ಎಂಬ ಹರಾಜು ಕಂಪನಿಯನ್ನು 2004ರಲ್ಲಿ ಅಮೆರಿಕದ ಈಬೇ ಕೊಂಡುಕೊಂಡಿತು. ಅದರ ಭಾರತದ ಅಂಗಡಿ 2018ರಲ್ಲಿ ಮುಚ್ಚಿತು. ಅಲ್ಲಿ ಕಮಿಷನ್ ಇದ್ದದ್ದು ಮಾಲಿನ ಬೆಲೆಯ ಮೇಲೆ. ಹಾಗಾಗಿ ಕೆಲವು ಚಾಲಾಕಿಗಳು ಮಾಲನ್ನು ಚಿಲ್ಲರೆ ಕಾಸಿಗೆ ಇಟ್ಟು ಲಾಭವನ್ನೆಲ್ಲ ಸಾಗಣೆ ಖರ್ಚಿನಲ್ಲಿ ತುಂಬುತ್ತಿದ್ದರು. ಕೊನೆಗೆ 2011ರಲ್ಲಿ ಅಮೆರಿಕದಲ್ಲಿ ಸಾಗಣೆ ಖರ್ಚಿನ ಮೇಲೂ ಕಮಿಷನ್ ಹಾಕಿದರು.

ನಮ್ಮ ಹಿರಿಯರಿಗೆ ವಿ.ಪಿ.ಪಿ. ಇತ್ತು. 1877ರಲ್ಲಿ ಬಂದ ಪದ್ಧತಿ. ಪತ್ರಿಕೆಯ ಜಾಹೀರಾತಿನಲ್ಲೇ ‘ಅಂಚೆ ವೆಚ್ಚ ಪ್ರತ್ಯೇಕ’ ಎಂದು ಅಚ್ಚಾಗಿರುತ್ತಿತ್ತು. ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದು ಒಟ್ಟು ಇಷ್ಟು ಎಂದಾಗ ಬೇಕಾದರೆ ಬಿಡಿಸಿಕೊಳ್ಳಬಹುದಿತ್ತು, ಬೇಡವಾದರೆ ವಾಪಸು. ಈಗ ದುಡ್ಡು ಮೊದಲು, ಮಾಲು ಆಮೇಲೆ.

ಟ್ರೇ ಹಗುರ, ಬಿಲ್ಲು ಭಾರ

ನನ್ನ ಪಕ್ಕದ ಜಮೀನಿನವನ ಕಥೆ ಬೇರೆ. ಕೋಸಿನ ಸಸಿ ಬೆಳೆಸುವ ಪ್ಲಾಸ್ಟಿಕ್ ಟ್ರೇ ತರಿಸಿದ. ತಕ್ಕಡಿಗೆ ಹಾಕಿದರೆ ಒಂದು ಕಿಲೋ. ಬಿಲ್ಲಿನಲ್ಲಿ ಐದು ಕಿಲೋ! ‘ಮೋಸ ಕಣಣ್ಣ’ ಎಂದು ಹಾರಾಡಿದ. ಪೂರ್ತಿ ಮೋಸವಲ್ಲ ಅದು. ಖಾಸಗಿ ಕೊರಿಯರಿನವರು ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಪೆಟ್ಟಿಗೆ 40, 30, 20 ಇದ್ದರೆ ಗುಣಿಸಿದಾಗ 24,000, ಭಾಗಿಸಿದರೆ 4.8 ಕಿಲೋ. ನಿಜವಾದ ತೂಕ, ಈ ಲೆಕ್ಕದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಲಾರಿಯಲ್ಲಿ ಹುಲ್ಲು ಹೇರಿದಂತೆ: ತೂಕ ಇಲ್ಲದಿದ್ದರೂ ಜಾಗ ಹಿಡಿಯುತ್ತದಲ್ಲ! ಆದ್ದರಿಂದ ಹಗುರವಾದ ದೊಡ್ಡ ಸಾಮಾನನ್ನು ತರಿಸುವಾಗ ಪೆಟ್ಟಿಗೆಯ ಅಳತೆ ಕೇಳಿಕೊಳ್ಳಿ.

ಕಾನೂನು ಏನನ್ನುತ್ತದೆ?

2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ಗ್ರಾಹಕ ನಿಯಮಗಳಲ್ಲಿ ಸ್ಪಷ್ಟವಾಗಿಯೇ ಇದೆ: ಮಾರುವವರು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕು, ಅದರ ಜೊತೆಗೆ ಸಾಗಣೆ, ಅಂಚೆ, ಪ್ಯಾಕಿಂಗು, ತೆರಿಗೆ ಎಂದು ಬಿಡಿಸಿಯೂ ತೋರಿಸಬೇಕು. ಕೆಟ್ಟ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. 2023ರ ನವೆಂಬರಿನ ಮಾರ್ಗಸೂಚಿಯಲ್ಲಿ, ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಗೆ ಖರ್ಚು ತೊಟ್ಟಿಕ್ಕಿಸುವುದನ್ನು ನಿಷೇಧಿತ ತಂತ್ರಗಳ ಪಟ್ಟಿಗೆ ಸೇರಿಸಿದ್ದಾರೆ. ಆದರೆ ಮನೆಯಲ್ಲಿದ್ದ ಒಂದು ಹಳೆಯ ಪುಸ್ತಕವನ್ನು ಯಾರೋ ಒಮ್ಮೆ ಮಾರಿದರೆ ಇ-ಕಾಮರ್ಸ್ ನಿಯಮ ಅವರಿಗೆ ತಾಗದು. ಅದನ್ನೇ ಕಸುಬಾಗಿ ನಿತ್ಯ ಮಾಡುವವರಿಗೆ ತಾಗುತ್ತದೆ.

ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರಲ್ಲಿ ಜಾರಿಗೆ ಬಂದ ಮೇಲೆ ಗ್ರಾಹಕ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದಾವೆ ಹೂಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಅಂದರೆ ನಮಗೆ ಈರೋಡ್. ತೊಂಬತ್ತು ರೂಪಾಯಿಗೆ ಘಾಟಿ ಇಳಿಯುವವರು ಯಾರು? ದೂರನ್ನು ಮನೆಯಿಂದಲೇ ಸಲ್ಲಿಸಲು 2025ರ ಜನವರಿಯಿಂದ ‘ಇ-ಜಾಗೃತಿ’ ಎಂಬ ವ್ಯವಸ್ಥೆಯೂ ಬಂದಿದೆ. ಆದರೂ ತೊಂಬತ್ತು ರೂಪಾಯಿಗೆ ಮಾತಿನಲ್ಲೇ ಬಗೆಹರಿಸಿಕೊಳ್ಳುವುದು ಮೇಲು.

ತಕ್ಕಡಿಯ ಇನ್ನೊಂದು ತಟ್ಟೆ

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಎಡಗಡೆ ಕನ್ನಡ, ಬಲಗಡೆ ತೆಲುಗು ಇರುವ ನನ್ನದೊಂದು ಸಣ್ಣ ಪದ್ಯದ ಪುಸ್ತಕ ಇದೆ. ಅನಂತಪುರದ ಕಡೆಯ ಓದುಗರೊಬ್ಬರು ಕೇಳಿ ಬರೆದರು. ಕಳಿಸೋಣ ಎಂದು ಹೊರಟೆ. ಜ್ಞಾನ ಪೋಸ್ಟಿಗೆ ಇಲಾಖೆಯ ಪೂರ್ಣ ಅಂಚೆ ಕಚೇರಿಗೇ ಹೋಗಬೇಕು; ತಾಳವಾಡಿಗೆ ಬಸ್ಸು ಹತ್ತಿದೆ. ಗಟ್ಟಿ ಕವರು, ಟೇಪು, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ಕು, ಹೋಗಿ ಬರುವ ಚಾರ್ಜು, ಅರ್ಧ ದಿನದ ಕೆಲಸ. ಕಚೇರಿಯಲ್ಲಿ ಕಟ್ಟಿದ್ದು ಇಪ್ಪತ್ತು ಚಿಲ್ಲರೆ, ಕೈಯಿಂದ ಬಿಟ್ಟದ್ದು ಅದಕ್ಕಿಂತ ಬಹಳ ಹೆಚ್ಚು. ಮೈಸೂರಿನ ಆ ಮನುಷ್ಯನ ಮೇಲಿನ ಅರ್ಧ ಸಿಟ್ಟು ಆ ಬಸ್ಸಿನಲ್ಲೇ ಇಳಿಯಿತು.

ಉಳಿದರ್ಧ ಇಳಿಯಲಿಲ್ಲ. ಪ್ಯಾಕಿಂಗಿಗೆ ಮೂವತ್ತು ಎಂದು ಬರೆಯಲಿ, ಕೊಡೋಣ. ಓಡಾಟಕ್ಕೆ ಹತ್ತು ಎನ್ನಲಿ, ಅದನ್ನೂ ಕೊಡೋಣ. ಆದರೆ ಅದನ್ನು ಹರಾಜಿಗೆ ಮೊದಲೇ ಬರೆಯಲಿ, ಎಲ್ಲರಿಗೂ ಒಂದೇ ಬರೆಯಲಿ. ಗುಮಟಾಪುರಕ್ಕೆ ಕಟ್ಟುವ ಕವರಿಗೆ ಬೀದರಿನ ಕವರಿಗಿಂತ ಹೆಚ್ಚು ಟೇಪು ಹಿಡಿಯುತ್ತದೆಯೇ?

ಇದನ್ನೇ ಅವರಿಗೆ ಮತ್ತೆ ಫೋನು ಮಾಡಿ ಹೇಳಿದೆ, ಕವರಿನ ಫೋಟೋ ಕೂಡ ಕಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಷ್ಟು ದಿನ ಯಾರೂ ಕೇಳಿರಲಿಲ್ಲ ಸಾರ್’ ಎಂದರು. ಅರವತ್ತು ರೂಪಾಯಿ ವಾಪಸು ಹಾಕಿದರು. ಆದರೆ ಅವರ ಪಟ್ಟಿಯಲ್ಲಿ ‘ಹೊರರಾಜ್ಯಕ್ಕೆ 120’ ಎಂಬ ಸಾಲು ಈಗಲೂ ಹಾಗೇ ಇದೆ. ನಮ್ಮೂರ ಹುಡುಗರು ಚಾಮರಾಜನಗರದ ನೆಂಟರ ವಿಳಾಸ ಕೊಟ್ಟು, ಪಾರ್ಸೆಲನ್ನು ಬಸ್ಸಿನಲ್ಲಿ ತರಿಸಿಕೊಳ್ಳುತ್ತಿದ್ದಾರೆ. ‘ನೀವೂ ಹಂಗೇ ಮಾಡಿ ಮಾವ, ಯಾಕ್ ರಗಳೆ?’ ಎನ್ನುತ್ತಾನೆ ತಂಗಿಯ ಮಗ.

ನಾನು ಮಾಡಿಲ್ಲ. ಕನ್ನಡ ಪುಸ್ತಕ ತರಿಸಲು ಕನ್ನಡಿಗ ಸುಳ್ಳು ವಿಳಾಸ ಏಕೆ ಕೊಡಬೇಕು? ನನ್ನ ವಿಳಾಸ ಗುಮಟಾಪುರವೇ. ದಯವಿಟ್ಟು ನೀವೂ ನಿಮ್ಮೂರ ಹೆಸರನ್ನೇ ಬರೆಯಿರಿ; ಕೂಗುವ ಮೊದಲು ‘ಅಂಚೆ ಎಷ್ಟು?’ ಎಂದು ಕೇಳಿರಿ. ಬಂದ ಕವರಿನ ಚೀಟಿಯನ್ನು ಹರಿದು ಬಿಸಾಡದೆ ಓದಿರಿ.